ಎಡಗೈ ಬದಿಯ ಬಟನ್

ನನ್ನ ಗಂಡನ ಮೋಟರ್ ಸೈಕಲ್ಲಿಗೆ ಎರಡನೇ ಸ್ಟಾರ್ಟರ್ ಬಟನ್ ಕೂಡಿಸಿದ್ದು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳಬೇಕಾದ ಜಾಗದಲ್ಲಿ ನಾನು ಹೇಳಲಿಲ್ಲ.

ನಾವಿರುವುದು ಮಸ್ಕಿಯಲ್ಲಿ. ನಾನು ಪಾಮನಕಲ್ಲೂರಿನ ಕಡೆ ಒಂದು ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಗಂಡ ಔಷಧಿ ಏಜೆನ್ಸಿಯೊಂದರಲ್ಲಿ ಕೆಲಸಕ್ಕಿದ್ದರು. ಸಿಂಧನೂರು, ಲಿಂಗಸುಗೂರು, ಮುದಗಲ್ಲು ಅಂತ ಮೆಡಿಕಲ್ ಅಂಗಡಿಗಳನ್ನು ಸುತ್ತಿ ಆರ್ಡರ್ ಹಿಡಿಯುವ ಕೆಲಸ. ನಲವತ್ತೈದಕ್ಕೇ ಅವರಿಗೆ ಲಕ್ವಾ ಹೊಡೆಯಿತು. ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಬ್ರಷ್ ಕೆಳಗೆ ಬೀಳಿಸಿದರು, ಎತ್ತಿಕೊಳ್ಳಲು ಬಗ್ಗಿದವರು ಏಳಲಿಲ್ಲ. ಬಲಭಾಗ ಪೂರ್ತಿ ಹೋಗಿತ್ತು. ವರ್ಷದೊಳಗೆ ಬಹಳಷ್ಟು ವಾಪಸ್ಸು ಬಂತು. ಮಾತು ಬಂತು, ಕಾಲೆಳೆದುಕೊಂಡು ನಡೆಯುವಷ್ಟಾಯಿತು, ಮುಂಗೈ ತಿರುಗತೊಡಗಿತು. ಬಲಗೈ ಹೆಬ್ಬೆರಳು ಮಾತ್ರ ಬರಲಿಲ್ಲ.

ಮಾತು ಬಂದರೂ ಅವರು ಮಾತಾಡುತ್ತಿರಲಿಲ್ಲ. ನಾನು ಶಾಲೆಗೆ ಹೋಗುವಾಗ ಗೋಡೆಗೆ ಮುಖ ಮಾಡಿ ಕೂತವರು ಸಂಜೆ ಬಂದಾಗಲೂ ಹಾಗೇ ಕೂತಿರುತ್ತಿದ್ದರು. ತಾಟಿನಲ್ಲಿ ಮುಚ್ಚಿಟ್ಟ ರೊಟ್ಟಿ ಹಾಗೇ ಇರುತ್ತಿತ್ತು. ನಾನು ಮೂಗಿನ ತುದಿಯಲ್ಲೇ ಸಿಟ್ಟಿಟ್ಟುಕೊಂಡವಳು, ನನಗೆ ಜಗಳಕ್ಕೊಬ್ಬರು ಬೇಕು. ಒಂದು ದಿನವಾದರೂ ಸಾರಿಗೆ ಉಪ್ಪಿಲ್ಲ ಅಂತ ಬೈಯಬಾರದೇ ಅನಿಸುತ್ತಿತ್ತು. ಈ ಮನುಷ್ಯ ಕೂತಲ್ಲೇ ಸತ್ತುಹೋಗುತ್ತಾರೆ ಎಂಬ ಹೆದರಿಕೆ, ಅವರಿಗೆ ಲಕ್ವಾ ಹೊಡೆದಾಗಲೂ ಇರದಿದ್ದದ್ದು, ನನಗೆ ಆಗ ಹುಟ್ಟಿತು.

ಒಂದು ಮುಂಜಾನೆ ಅವರೇ, "ಗಾಡಿ ಹೊರಗ ತಗಿ" ಅಂದರು. ಹತ್ತಿ ಕೂತರು. ಬಟನ್ ಬಲಗೈ ಹೆಬ್ಬೆರಳಿನ ಜಾಗದಲ್ಲಿತ್ತು, ಆ ಬೆರಳಿಗೆ ಜೀವವಿರಲಿಲ್ಲ. ನಾನು ಒತ್ತಿದೆ. ಓಣಿಯ ತುದಿಯವರೆಗೆ ಹೋಗಿ ಬಂದರು. ಅಂದು ಎರಡು ರೊಟ್ಟಿ ಉಂಡರು, ಪಲ್ಯ ಸಪ್ಪಗಿದೆ ಎಂದು ಬೈದರು. ಅಂದಿನಿಂದ ದಿನಾ ಮುಂಜಾನೆ ಗಾಡಿ ಚಾಲೂ ಮಾಡಿಕೊಡುವುದು ನನ್ನ ಕೆಲಸವಾಯಿತು. ಮದುವೆಯಾದ ಹೊಸತರಲ್ಲೂ ನಾನು ಅವರನ್ನು ಅಷ್ಟು ಮುತುವರ್ಜಿಯಿಂದ ಕಳಿಸಿಕೊಟ್ಟಿರಲಿಲ್ಲ.

ಹೀಗಿರುವಾಗ ಒಂದು ದಿನ ನನಗೆ ಹೇಳದೆ ಸಿಂಧನೂರಿಗೆ ಹೋಗಿದ್ದಾರೆ. ದೊಡ್ಡ ಸರ್ಕಲ್ಲಿನ ನಟ್ಟನಡುವೆ ಗಾಡಿ ಬಂದ್ ಆಯಿತು. ಹಿಂದೆ ಭತ್ತದ ಲಾರಿಗಳು. ಬಲಗಾಲಿಗೆ ಬಲವಿಲ್ಲದ ಕಾರಣ ಗಾಡಿಯ ಭಾರವೆಲ್ಲ ಎಡಗೈ ಎಡಗಾಲಿನ ಮೇಲೆ. ಎಡಗೈ ಬಿಟ್ಟು ಆಚೆ ಬದಿಯ ಬಟನ್ ಒತ್ತಲು ಹೋದರೆ ಗಾಡಿ ವಾಲುತ್ತದೆ. ಹಾರ್ನುಗಳ ನಡುವೆ ಸುಮ್ಮನೆ ನಿಂತಿದ್ದರಂತೆ. ಕೊನೆಗೆ ಯಾರೋ ಬಂದು ಬಟನ್ ಒತ್ತಿಕೊಟ್ಟು, "ಗಾಡಿ ಹೊಡ್ಯಾಕ ಆಗಂಗಿಲ್ಲಂದ್ರ ಮನ್ಯಾಗ ಕುಂದ್ರು ಕಾಕಾ" ಅಂದನಂತೆ. ಮನೆಗೆ ಬಂದು ಇಷ್ಟು ಹೇಳಿ ಮತ್ತೆ ಗೋಡೆಯ ಕಡೆ ತಿರುಗಿದರು.

ಮರುದಿನ ನಾನೇ ಅವರನ್ನು ನಮ್ಮ ಓಣಿಯ ಮೆಕ್ಯಾನಿಕ್ ಹತ್ತಿರ ಕರೆದುಕೊಂಡು ಹೋದೆ. ಎಡಗೈ ಬದಿಗೆ ಇನ್ನೊಂದು ಬಟನ್ ಕೂಡಿಸಿಕೊಡು ಅಂದೆ. ಅವನು ಗಾಡಿ ನೋಡಲಿಲ್ಲ. ಗಂಡನ ಬಲಗೈಗೆ ತನ್ನ ಎರಡು ಬೆರಳು ಕೊಟ್ಟು, "ಗಟ್ಟಿ ಹಿಡೀರಿ ಅಣ್ಣಾರ" ಅಂದ. ಹಿಡಿದರು. "ಈಗ ಬಿಡ್ರಿ" ಅಂದ. ಬೆರಳುಗಳು ಬಿಚ್ಚಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ನಾವು ಮೂವರೂ ಅದನ್ನೇ ನೋಡುತ್ತ ನಿಂತಿದ್ದೆವು.

"ಬಟನ್ ಕೂಡ್ಸಾದು ಐದು ಮಿನಿಟಿನ ಕೆಲಸ ರೀ ಅಕ್ಕೋರ" ಅಂದ ಅವನು. "ಮುಂದಿನ ಬ್ರೇಕ್ ಬಲಗೈಗೆ ಐತಿ, ಹಿಂದಿಂದು ಬಲಗಾಲಿಗೆ ಐತಿ. ಅವನ್ನ ಎಲ್ಲಿ ತಂದು ಕೂಡಸ್ಲಿ? ನಾ ಮಾಡಂಗಿಲ್ರಿ."

ನನಗೆ ನೆತ್ತಿಗೇರಿತು. "ಬರಂಗಿಲ್ಲಂದ್ರ ಬರಂಗಿಲ್ಲನ್ನು. ಡಾಕ್ಟರಗತೆ ಕೈ ಯಾಕ ಹಿಡಿದು ನೋಡ್ತೀ" ಎಂದು ನಾಲ್ಕು ಮಂದಿ ಕೇಳುವಂತೆ ಅಂದುಬಿಟ್ಟೆ. ಅವನು ತಲೆ ತಗ್ಗಿಸಿ ಬೇರೆ ಗಾಡಿಯ ಕೆಲಸಕ್ಕೆ ಹೋದ.

ಆ ಭಾನುವಾರ ನಾನೇ ಕೂತೆ. ಸಿಂಧನೂರಿನ ಅಂಗಡಿಯಿಂದ ಹ್ಯಾಂಡಲ್ಲಿಗೆ ಕ್ಲಿಪ್ಪು ಹಾಕಿ ಬಿಗಿಯುವ ಹಾರ್ನ್ ಬಟನ್ ತಂದಿದ್ದೆ. ಬಲಗಡೆಯ ಸ್ವಿಚ್ ಬಿಚ್ಚಿದರೆ ಹಳೆಯ ಬಟನ್ನಿಗೆ ಎರಡು ವೈರು. ಆ ಎರಡಕ್ಕೂ ಒಂದೊಂದು ಹೊಸ ವೈರು ಬೆಸೆದು, ಹ್ಯಾಂಡಲ್ ಗುಂಟ ಎಡಕ್ಕೆ ತಂದು ಹೊಸ ಬಟನ್ನಿಗೆ ಕೊಟ್ಟರಾಯಿತು. ಯಾವುದನ್ನು ಒತ್ತಿದರೂ ಗಾಡಿ ಚಾಲೂ. ಹತ್ತನೇ ಕ್ಲಾಸಿನವರೂ ಚಿತ್ರ ಬರೆದು ತೋರಿಸುವಷ್ಟು ಸುಲಭ. ಅವರು ಎಡಗೈಯಲ್ಲಿ ಸ್ಕ್ರೂಗಳನ್ನು ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದರು.

ಕ್ಲಚ್ಚು ಹಿಡಿದ ಕೈಯ ಹೆಬ್ಬೆರಳಿನಿಂದಲೇ ಒತ್ತಿದರು. ಒಂದೇ ಸಲಕ್ಕೆ ಚಾಲೂ ಆಯಿತು. ಲಕ್ವಾ ಆದ ಮೇಲೆ ಅವರು ಬಾಯಿ ತುಂಬ ನಕ್ಕಿದ್ದನ್ನು ಅಂದೇ ನೋಡಿದ್ದು. "ನೀ ಸುಮ್ನ ಸಾಲ್ಯಾಗ ಕೊಳ್ಯಾಕತ್ತೀ. ಗ್ಯಾರೇಜ್ ಹಾಕು, ನಾ ಬಂದು ಗಾಡಿ ತೊಳೀತೀನಿ" ಅಂದರು. ನನಗೂ ಆ ಸಂಜೆ ಕಾಲು ನೆಲದ ಮೇಲಿರಲಿಲ್ಲ. ಮೆಕ್ಯಾನಿಕ್ ಅಂಗಡಿ ಮುಂದೆ ಬೇಕೆಂದೇ ಎರಡು ಸುತ್ತು ಹೊಡೆಸಿದೆ.

ಬ್ರೇಕಿನ ವಿಷಯ ನನಗೆ ತಿಳಿದಿರಲಿಲ್ಲ ಅಂತಲ್ಲ. ನಿಧಾನ ಹೋಗ್ರಿ ಅಂದರೆ ಅಷ್ಟಕ್ಕೆ ಮುಗಿಯಿತು ಅಂದುಕೊಂಡೆ. ಎರಡು ತಿಂಗಳು ಅವರೇ ನನ್ನನ್ನು ಶಾಲೆಗೆ ಬಿಟ್ಟು, ಸಂಜೆ ಬಂದು ಕರೆದುಕೊಂಡು ಹೋದರು. ಏಜೆನ್ಸಿಯವರಿಗೆ ಫೋನ್ ಮಾಡಿ ಮತ್ತೆ ಕೆಲಸ ಕೇಳಿದರು. ಎದುರಿಗೆ ಏನಾದರೂ ಬಂದರೆ ದೂರದಿಂದಲೇ ವೇಗ ಇಳಿಸುತ್ತಿದ್ದರು. ಹಿಂದೆ ಕೂತ ನಾನು ಅದನ್ನು ಗಮನಿಸುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ.

ಅವತ್ತು ಶಾಲೆಯಿಂದ ವಾಪಸ್ಸು ಬರುತ್ತಿದ್ದೆವು. ಹತ್ತಿ ಬಿಡಿಸಿ ಬಂದ ಹೆಂಗಸರ ಟಂಟಂ ಆಟೋ ರಸ್ತೆ ಪಕ್ಕ ನಿಂತಿತ್ತು. ಅದರ ಹಿಂದಿನಿಂದ ಒಬ್ಬಾಕೆ ಬುತ್ತಿ ಗಂಟು ಹಿಡಿದು ರಸ್ತೆಗೆ ಬಂದಳು. ಗಾಡಿ ನಿಲ್ಲಲಿಲ್ಲ, ಜೋರಾಯಿತು. ಗಾಬರಿಗೆ ಅವರ ಬಲಗೈ ಮುಷ್ಟಿ ಕಟ್ಟಿತ್ತು, ಮುಷ್ಟಿಯೊಳಗೆ ಆಕ್ಸಿಲರೇಟರ್ ಇತ್ತು. ಆಕೆಗೆ ಬಡಿದು ನಾವೂ ಬಿದ್ದೆವು. ಬಿದ್ದ ಮೇಲೂ ಅವರ ಕೈ ಹಿಡಿಕೆ ಬಿಟ್ಟಿರಲಿಲ್ಲ, ಎಂಜಿನ್ ಅರಚುತ್ತಲೇ ಇತ್ತು. ನಾನು ಮೊದಲು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಆಮೇಲೆ ಆ ಹೆಂಗಸಿನ ಕಡೆ ನೋಡಿದೆ. ಅವಳು ಏಳಲು ನೋಡುತ್ತಿದ್ದಳು, ಸೊಂಟದ ಕೆಳಗಿನದು ಅವಳ ಮಾತು ಕೇಳುತ್ತಿರಲಿಲ್ಲ.

ನಾಲ್ಕನೇ ದಿನ ಠಾಣೆಯ ಅಂಗಳದಲ್ಲಿ ಗಾಡಿ ತಪಾಸಣೆಯಾಯಿತು. ತಪಾಸಣೆಗೆ ಬಂದ ಅಧಿಕಾರಿ ಎಡಗಡೆಯ ಬಟನ್ ಮುಟ್ಟಿ ಕೇಳಿದರು. "ಇದನ್ನ ಯಾರು ಕೂಡಿಸ್ಯಾರ?"

"ನಾನೇ ರೀ ಸಾಹೇಬ್ರ" ಅಂದರು ನನ್ನ ಗಂಡ.

"ಈ ಕೈಲೇನು?"

"ಎಡಗೈಲೆ ಮಾಡೀನ್ರಿ. ನಿಧಾನಕ್ಕ."

ಅಧಿಕಾರಿ ನನ್ನ ಕಡೆ ನೋಡಲೂ ಇಲ್ಲ. ಹೆಂಗಸು ಅಂಥದ್ದನ್ನು ಮಾಡಿರಬಹುದೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ಆ ಕ್ಷಣ ನನಗಾದದ್ದು ದುಃಖವಲ್ಲ. ಕೇಸು ನನ್ನ ಮೇಲೆ ಬರದೆ ಸರ್ಕಾರಿ ನೌಕರಿ ಉಳಿಯಿತು ಎಂದು ಎದೆ ಹಗುರಾಯಿತು, ಅಷ್ಟೇ. ಅಧಿಕಾರಿ ಬರೆದುಕೊಂಡರು. ನನ್ನ ಗಂಡ ಎಡಗೈಯಲ್ಲಿ ಸೊಟ್ಟಗೆ ಸಹಿ ಮಾಡಿದರು. ಹೊರಗೆ ಬಂದ ಮೇಲೆ, "ನಿನ್ನ ನೌಕರಿ ಒಂದ ಉಳದೈತಿ ನಮಗ. ಸುಮ್ಕಿರು" ಅಂದರು.

ಆಸ್ಪತ್ರೆಯಿಂದ ಆ ಹೆಂಗಸನ್ನು ಮನೆಗೆ ತಂದರೆಂದು ಗೊತ್ತಾದಾಗ ಇಬ್ಬರೂ ಬಸ್ಸಿನಲ್ಲಿ ಅವಳ ಊರಿಗೆ ಹೋದೆವು. ಪಡಸಾಲೆಯಲ್ಲಿ ಕೌದಿಯ ಮೇಲೆ ಮಲಗಿದ್ದಳು. ಇನ್ನು ಕೂಲಿಗೆ ಹೋಗುವ ಮಾತಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ನನ್ನ ಗಂಡ ಒಳಗೆ ಬರುವ ಧೈರ್ಯವಾಗದೆ ಹಣ್ಣಿನ ಚೀಲ ಹಿಡಿದು ಹೊಸ್ತಿಲ ಹೊರಗೇ ನಿಂತರು. ನಾನು ಅವಳ ಪಕ್ಕ ಕೂತು ಅತ್ತೆ. ಅವಳೇ ನನ್ನ ಕೈ ಹಿಡಿದಳು.

"ನೀವ್ ಯಾಕ ಅಳ್ತೀರಿ ಅಕ್ಕೋರ" ಅಂದಳು. "ನೀವ್ ಬ್ಯಾಡ ಅಂದೇ ಇರ್ತೀರಿ. ಗಂಡಸ್ರು ನಮ್ಮ ಮಾತು ಎಲ್ಲಿ ಕೇಳ್ತಾರ? ಹಟ ಮಾಡಿ ಗಾಡಿ ಹತ್ಯಾರ, ಹೌದಿಲ್ಲ?"

ಹೊಸ್ತಿಲಾಚೆ ನಿಂತವರಿಗೆ ಆ ಮಾತು ಕೇಳಿಸಿತ್ತು. ಅವರು ನನ್ನನ್ನೇ ನೋಡುತ್ತಿದ್ದರು.

"ಹೌದು ನೋಡವ್ವ" ಅಂದೆ ನಾನು.