ಸದ್ದಿಲ್ಲದ ಕೋಣೆ ಹುಡುಕಿದ ನಿಲೋಫರ್

ನಿಲೋಫರ್‌ಗೆ ಸುಳ್ಳು ಹೇಳಲು ಬರುವುದಿಲ್ಲ ಎಂದರೆ ಅರ್ಧ ಹೇಳಿದಂತೆ. ಬೇರೆಯವರು ಏನಾದರೂ ತಪ್ಪಾಗಿ ತಿಳಿದುಕೊಂಡರೆ ಅದನ್ನು ಹಾಗೇ ಬಿಡಲೂ ಅವಳಿಗೆ ಬರುವುದಿಲ್ಲ. ಸ್ವೀಡನ್ನಿನ ಉಮೆಯೊ ಊರಿನಲ್ಲಿ ನನ್ನ ಮಗಳು ಮೀರಾಳ ಮನೆಯ ಎದುರು ಬಾಗಿಲೇ ಅವಳದು. ನಾನು ಮಗಳ ಮನೆಗೆ ಹೋದ ಹೊಸದರಲ್ಲಿ ಕನ್ನಡದವರನ್ನೆಲ್ಲ ಕರೆದು ಕೇಸರಿಬಾತ್ ಮಾಡಿದ್ದೆ. ಎಲ್ಲರೂ ಚೆನ್ನಾಗಿದೆ, ಚೆನ್ನಾಗಿದೆ ಎಂದು ತಿಂದರು. ಇವಳು ಮಾತ್ರ ತಟ್ಟೆ ಖಾಲಿ ಮಾಡಿ, "ರುಚಿ ಇದೆ ಅಮ್ಮಾ, ಆದ್ರೆ ರವೆ ಇನ್ನೊಂಚೂರು ಹುರೀಬೇಕಿತ್ತು" ಎಂದಳು. ಮೀರಾ ಗಾಬರಿಯಾಗಿ ನನ್ನ ಮುಖ ನೋಡಿದಳು. ರವೆ ಹಸಿಯಾಗಿದ್ದದ್ದು ನನಗೂ ಗೊತ್ತಿತ್ತು. ಆ ಹುಡುಗಿ ನನಗೆ ಹಿಡಿಸಿದ್ದು ಅವತ್ತೇ.

ಅವಳು ಶಿಡ್ಲಘಟ್ಟದವಳು. ಅವಳ ತಂದೆಯದು ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕೆಲಸ. ಕುದಿಯುವ ನೀರಿನ ಹಬೆಯಲ್ಲಿ, ಹುಳದ ವಾಸನೆಯಲ್ಲಿ ಕೂತು ಪಾಠ ಓದಿಕೊಂಡವಳು. ಆಮೇಲೆ ಬೆಂಗಳೂರಿನಲ್ಲಿ ಕಲಿತು, ಗಿಡಗಳ ರೋಗದ ಬಗ್ಗೆ ಸಂಶೋಧನೆ ಮಾಡಲು ಉಮೆಯೊಗೆ ಬಂದಳು. ಗಂಡ ಆರಿಫ್ ಕಂಪ್ಯೂಟರ್ ಕೆಲಸದವನು, ಮಾತು ಕಡಿಮೆ. ಮನೆಯಲ್ಲಿ ಮಾತಾಡುವವಳು ಇವಳೇ.

ಎರಡು ಸಾವಿರದ ಆರನೇ ಇಸವಿಯ ಬೇಸಿಗೆಯಲ್ಲಿ ಅವಳ ಉಮೆಯೊ ಕೆಲಸ ಮುಗಿಯಿತು. ಮಗು ಸುಭಾನ್ ಹುಟ್ಟಿ ಐದು ತಿಂಗಳಾಗಿತ್ತು. ಎಲ್ಲೆಲ್ಲಿಗೋ ಅರ್ಜಿ ಹಾಕಿದ್ದಳು. ಕರೆದದ್ದು ಒಂದೇ ಕಡೆಯವರು, ಸ್ಟಾಕ್‌ಹೋಮಿನ ಒಂದು ಪ್ರಯೋಗಾಲಯ. ಆ ಹೊತ್ತಿಗೆ ಸರಿಯಾಗಿ ಆರಿಫ್‌ನ ತಂದೆಗೆ ಆಪರೇಷನ್ ಆಗಿ ಅವನು ಬೆಂಗಳೂರಿಗೆ ಹೋಗಿದ್ದ. ಮೀರಾಳಿಗೆ ರಜೆ ಇರಲಿಲ್ಲ.

"ಅಮ್ಮಾ, ನೀವು ಬರ್ತೀರಾ? ಇಂಟರ್‌ವ್ಯೂ ಮುಗಿಯೋವರೆಗೆ ಇವನನ್ನ ನೋಡ್ಕೊಂಡ್ರೆ ಸಾಕು."

"ಬರ್ತೀನಿ. ಆದ್ರೆ ನಂಗೆ ಭಾಷೆ ಬರಲ್ಲ ಕಣೆ."

"ಇವನಿಗೂ ಬರಲ್ಲ ಬಿಡಿ" ಎಂದಳು.

ಹಾಗೆ ನಾನು ಯೂರೋಪಿನ ದೊಡ್ಡ ಪಟ್ಟಣವೊಂದನ್ನು ಮೊದಲ ಸಲ ನೋಡಲು ಹೊರಟೆ. ರಾತ್ರಿ ರೈಲು ಹತ್ತಿ ಬೆಳಿಗ್ಗೆ ಇಳಿದೆವು. ಇಂಟರ್‌ವ್ಯೂ ಮಾರನೆಯ ದಿನ. ಆ ಒಂದು ರಾತ್ರಿಗೆ ನಮಗೆ ಕೋಣೆ ಬೇಕಿತ್ತು. ಸುಭಾನ್ ಬಾಟಲಿ ಬಾಯಿಗಿಟ್ಟರೆ ಉಗಿಯುತ್ತಿದ್ದ, ತಾಯಿಯ ಹಾಲೇ ಆಗಬೇಕು. ಹಾಗಾಗಿ ಅವಳು ಹಾಲು ಕುಡಿಸಿ ಹೋಗಿ, ಅವನಿಗೆ ಮತ್ತೆ ಹಸಿವಾಗುವುದರೊಳಗೆ ಬರಲು ಆಗುವಂತೆ ಕೋಣೆ ಊರಿನ ನಡುವೆಯೇ ಇರಬೇಕು. ಒಂದು ಬಾಗಿಲು ಹಾಕಿದರೂ ಎದ್ದು ಅಳುವ ಮಗು ಅದು, ಹಾಗಾಗಿ ಸದ್ದಿರಬಾರದು. ಅವನು ಅತ್ತರೆ ಇವಳಿಗೆ ನಿದ್ದೆಯಿಲ್ಲ. ನಿದ್ದೆಗೆಟ್ಟು ಹೋಗಿ ಅವರ ಮುಂದೆ ಏನು ಮಾತಾಡುವುದು? ಇಷ್ಟೆಲ್ಲ ಇದ್ದೂ ಬಾಡಿಗೆ ನಮ್ಮ ಕೈಗೆ ಎಟುಕಬೇಕು.

ಕಂಪ್ಯೂಟರಿನಲ್ಲಿ ನೋಡಿ ಒಂದು ಹಾಸ್ಟೆಲ್ ಗೊತ್ತು ಮಾಡಿದ್ದಳು. ಹೋಗಿ ನೋಡಿದರೆ, ರೈಲಿನ ಬರ್ತಿನ ಹಾಗೆ ಒಂದರ ಮೇಲೊಂದು ಮಂಚ. ಮೇಲಿನ ಮಂಚದಲ್ಲಿ ಒಬ್ಬ ಹುಡುಗ ಗಿಟಾರ್ ಬಾರಿಸುತ್ತಿದ್ದ. ಕೆಳಗೆ ನಾಲ್ಕು ಜನ ಶೂ ಬಿಚ್ಚಿಕೊಂಡು ನಗುತ್ತಿದ್ದರು. ನಾವು ಒಳಗೆ ಕಾಲಿಡುವ ಮೊದಲೇ ಸುಭಾನ್ ಅಳು ಶುರುಮಾಡಿದ. ಅಷ್ಟೂ ಜನ ನಮ್ಮನ್ನು ನೋಡಿದರು.

"ಬೇರೆ ಕೋಣೆ ಅಂತ ಓದಿದ್ದೆ ಅಮ್ಮಾ. ಬೇರೆ ಮಂಚ ಅಂತ ಇತ್ತೇನೋ."

"ಓದಿದವಳು ನೀನು. ನನ್ನ ಕೇಳಿದ್ರೆ?"

ಅಲ್ಲಿಂದ ಹೊರಟು ಸ್ಟೇಷನ್ ಹತ್ತಿರದ ಹೋಟೆಲುಗಳಲ್ಲಿ ಕೇಳಿದೆವು. ಒಂದೆರಡು ಕಡೆ ಬಾಡಿಗೆ ಕೇಳಿ ನಿಲೋಫರ್ ಥ್ಯಾಂಕ್ಸ್ ಹೇಳಿ ತಿರುಗಿಬಿಟ್ಟಳು. ಅಗ್ಗದ್ದು ಬೇಕಾದರೆ ಸುರಂಗದ ರೈಲು ಹಿಡಿದು ಕೊನೆಯ ಸ್ಟೇಷನ್ನಿಗೆ ಹೋಗಿ ಎಂದರು. ಅಷ್ಟು ದೂರ ಇದ್ದುಕೊಂಡು ಮಗುವಿಗೆ ಹಾಲು ಕುಡಿಸಲು ಓಡಿ ಬರುವುದು ಹೇಗೆ? ಮತ್ತೆ ಹಾಸ್ಟೆಲಿಗೇ ಬಂದೆವು. ಅಲ್ಲಿ ಮೇಜಿನ ಹಿಂದೆ ಕೂತಿದ್ದ ಹುಡುಗಿಗೆ ನಮ್ಮ ಮೇಲೆ ಮರುಕ ಬಂದಿರಬೇಕು. ಯಾರಿಗೋ ಫೋನ್ ಮಾಡಿ, ಇಬ್ಬರು ಹೆಂಗಸರು ಬರುತ್ತಾರೆ ಎಂದು ಹೇಳಿ, ವಿಳಾಸ ಬರೆದುಕೊಟ್ಟಳು. ಮಗುವಿನ ವಿಷಯ ಅವಳು ಹೇಳಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಹಳೇ ಕಟ್ಟಡ. ಜಾಲರಿ ಬಾಗಿಲಿನ ಲಿಫ್ಟು. ಮೂರನೇ ಅಂತಸ್ತಿನಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ಬಾಗಿಲು ತೆಗೆದಳು. ಗುನ್‌ವೊರ್ ಅಂತ ಹೆಸರು. ಬಿಳಿ ಕೂದಲು ಮೋಟಾಗಿ ಕತ್ತರಿಸಿತ್ತು, ಕಾಲಲ್ಲಿ ಉಣ್ಣೆಯ ಕಾಲುಚೀಲ. ಒಳಗೆ ಒಂದೂ ಸದ್ದಿರಲಿಲ್ಲ. ಗೋಡೆ ಗಡಿಯಾರದ್ದು ಸಹ ಕೇಳಿಸುವಂಥ ಮನೆ. ಇದೇ ನಮ್ಮದು ಎಂದುಕೊಂಡೆ.

ಅಷ್ಟರಲ್ಲಿ ನಿಲೋಫರ್‌ನ ಶಾಲಿನೊಳಗಿಂದ ಸುಭಾನ್ ಕಾಲು ಹೊರಗೆ ಹಾಕಿದ.

ಗುನ್‌ವೊರ್ ಮುಖ ಗಟ್ಟಿಯಾಯಿತು. "ನೋ ಬೇಬಿ" ಎಂದಳು. ಅದು ನನಗೂ ಅರ್ಥವಾಯಿತು. ಕೈಯಿಂದ ಗೋಡೆ ತೋರಿಸಿ ಇನ್ನೂ ಏನೇನೋ ಹೇಳಿದಳು. ಬಾಗಿಲು ಮೆಲ್ಲಗೆ ಮುಚ್ಚುತ್ತ ಬಂತು. ನಾನು ಮೆಟ್ಟಿಲ ಮೇಲೆ ಚೀಲ ಇಟ್ಟು ನಿಂತಿದ್ದೆ.

ನಿಲೋಫರ್ ನನ್ನ ಕಡೆ ತಿರುಗಿ, "ಅಮ್ಮಾ, ಇಲ್ಲ" ಎಂದಳು.

"ಇಲ್ಲವಾ?"

"ಇಲ್ಲ ಅಮ್ಮಾ. ಇಲ್ಲ." ಅಳು ಬಂದಿತ್ತು ಅವಳಿಗೆ.

ಮುಚ್ಚುತ್ತಿದ್ದ ಬಾಗಿಲು ನಿಂತಿತು. ಗುನ್‌ವೊರ್ ತಲೆ ಹೊರಗೆ ಹಾಕಿ, "ಅಮ್ಮಾ? ಇಲ್ಲಾ?" ಎಂದಳು. ನಮ್ಮ ಊರಿನವಳ ಹಾಗೇ ಅಂದಳು, ನಾನು ಬೆಚ್ಚಿಬಿದ್ದೆ. ನಿಲೋಫರ್ ಏನೂ ತೋಚದೆ ತಲೆಯಾಡಿಸಿದಳು. ಆ ಹೆಂಗಸು ಬಂದು ಅವಳ ಭುಜ ಹಿಡಿದು ಒಳಗೆ ಕರೆದುಕೊಂಡು ಹೋದಳು. ತಗ್ಗಿನ ಕುರ್ಚಿಯಲ್ಲಿ ಕೂರಿಸಿ ಬೆನ್ನಿಗೆ ದಿಂಬು ಕೊಟ್ಟಳು. ಪರದೆ ಎಳೆದಳು. ಬಿಸಿ ಗಂಜಿ ತಂದಳು, ಓಟ್ಸಿನದು. ಮಗುವಿನ ಕೆನ್ನೆ ಮುಟ್ಟಿ, ನಿಲೋಫರ್‌ನ ಎದೆ ಕಡೆ ಬೆರಳು ತೋರಿಸಿ, ತುಂಬ ಮೆತ್ತಗೆ ಏನೋ ಕೇಳಿ, ನಮ್ಮನ್ನು ಬಿಟ್ಟು ಹೊರಗೆ ಹೋದಳು.

"ಏನೇ ಇದು? ಈಗ ಬೇಡ ಅಂದವಳು?"

ನಿಲೋಫರ್ ಗಂಜಿಯ ಬಟ್ಟಲು ಕೆಳಗಿಟ್ಟಳು. ಆಮೇಲೆ ಕೆಂಪಗಾದಳು. "ಅಯ್ಯೋ ಅಮ್ಮಾ, ಇವರ ಭಾಷೇಲಿ ಅಮ್ಮ ಅಂದ್ರೆ ಮಗೂಗೆ ಹಾಲು ಕುಡಿಸೋದು. ಉಮೆಯೊ ನರ್ಸು ನನ್ನನ್ನ ಅಮ್ಮಾರ್ ದೂ, ಹಾಲು ಕುಡಿಸ್ತೀಯಾ ಅಂತ ಕೇಳಿದ್ದಕ್ಕೆ, ಅಮ್ಮ ಊರಲ್ಲಿದ್ದಾರೆ, ವೀಸಾ ಸಿಗಲಿಲ್ಲ ಅಂದಿದ್ದೆ!"

"ಸರಿ. ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಕೆಟ್ಟದು. ಸರಿಯಾಗಿಲ್ಲ ಅಂತ."

ಈಗ ನನಗೂ ಗೊತ್ತಾಯಿತು. ಈ ಬಡಪಾಯಿ ಹುಡುಗಿಗೆ ಹಾಲು ಸರಿಯಾಗಿ ಬರುತ್ತಿಲ್ಲ, ಮಗು ಹಸಿದಿದೆ ಎಂದು ಆಕೆ ತಿಳಿದಿದ್ದಳು. ಆ ಹೊತ್ತಿಗೆ ಹಸಿದ ಮಗು ತಾಯಿಯ ಎದೆಗೆ ಒರಗಿ, ಕೊರಳು ತುಂಬ ಗುಟುಕರಿಸುತ್ತಿತ್ತು. ಅದರ ತೊಡೆ ನೋಡಿದರೆ ಯಾರೂ ಹಸಿದದ್ದು ಎನ್ನುವಂತಿರಲಿಲ್ಲ.

"ನಾನು ಹೇಳ್ಬಿಡ್ತೀನಿ" ಎಂದಳು.

"ಬಾಯಿ ಮುಚ್ಕೊಂಡಿರು. ನೀನೇನು ಸುಳ್ಳು ಹೇಳಿದ್ಯಾ? ಅವಳ ಕಿವಿಗೆ ಹಾಗೆ ಬಿತ್ತು. ನಾಳೆ ಮಧ್ಯಾಹ್ನ ಹೋಗ್ತಾ ಹೇಳು, ನಗ್ತಾಳೆ."

"ನಾಳೆ ಹೇಳಿದ್ರೆ ಅದು ಸುಳ್ಳೇ ಆಗಿರುತ್ತಮ್ಮಾ. ಈಗ ಇನ್ನೂ ಆಗಿಲ್ಲ."

"ಬೀದೀಲಿ ಮಲಗ್ತೀಯಾ ಮಗೂನ ಕಟ್ಕೊಂಡು? ನಾಳೆ ಆಕಳಿಸ್ಕೊಂಡು ಹೋಗು, ಕೆಲಸ ಕೊಡ್ತಾರೆ!"

ಅವಳು ಮಗುವನ್ನು ನನ್ನ ಕೈಗೆ ಕೊಟ್ಟು, ಬಟ್ಟೆ ಸರಿಮಾಡಿಕೊಂಡು ಅಡುಗೆಮನೆಗೆ ಹೋದಳು. ಬಾಗಿಲಿನ ಸಂದಿನಿಂದ ನೋಡುತ್ತಿದ್ದೆ. ಅರ್ಧ ಇಂಗ್ಲಿಷು, ಅರ್ಧ ಸ್ವೀಡಿಷು. ನನ್ನ ಕಡೆ ಕೈ ತೋರಿಸಿ "ಅಮ್ಮ" ಎಂದಳು. ಅಡ್ಡಡ್ಡ ತಲೆಯಾಡಿಸಿ "ಇಲ್ಲ" ಎಂದಳು. ಗುನ್‌ವೊರ್ ನಗಲಿಲ್ಲ. ಕೈಯಲ್ಲಿದ್ದ ಬಟ್ಟೆ ಮಡಚಿಟ್ಟು ಕಿಟಕಿ ಕಡೆ ತಿರುಗಿ ನಿಂತಳು.

ನಿಲೋಫರ್ ಬಂದು ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಳು.

"ಸಮಾಧಾನ ಆಯ್ತಾ ನಿಂಗೆ? ನಡಿ."

"ಆಯ್ತಮ್ಮಾ" ಎಂದಳು. ನಿಜವಾಗಿಯೂ ಮುಖದಲ್ಲಿ ಸಮಾಧಾನವೇ ಇತ್ತು. ನನಗೆ ಸಿಟ್ಟು ಬಂತು.

ನಾವು ಚಪ್ಪಲಿ ಹಾಕಿಕೊಳ್ಳುವಾಗ ಗುನ್‌ವೊರ್ ಬಂದು ಒಂದೊಂದೇ ಪ್ರಶ್ನೆ ಕೇಳಿದಳು. ನಿಲೋಫರ್ ನನಗೂ ಕನ್ನಡದಲ್ಲಿ ಹೇಳುತ್ತ ಹೋದಳು.

"ಮಗು ಅಳುತ್ತಾ ಅಂತಾರೆ. ಅಳುತ್ತೆ ಅಂದೆ."

"ಸ್ವಲ್ಪ ಅನ್ನಬಾರದಾ?"

"ಜೋರಾಗಾ ಅಂತಾರೆ. ಹೌದು ಅಂದೆ."

ನಾನು ಹಣೆ ಚಚ್ಚಿಕೊಂಡೆ. ಅದನ್ನು ನೋಡಿ ಗುನ್‌ವೊರ್ ಮೊದಲ ಸಲ ನಕ್ಕಳು. ಆಮೇಲೆ ಬಾಡಿಗೆಗೆ ಕೊಡುವ ಕೋಣೆಗೆ ಕರೆದುಕೊಂಡು ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟಳು. ಗೋಡೆಯ ಆಚೆಗೆ ರಾತ್ರಿ ಬಸ್ ಓಡಿಸುವ ಡ್ರೈವರ್ ಇದ್ದಾನಂತೆ, ಬೆಳಗಾದ ಮೇಲೆ ಬಂದು ಮಲಗುತ್ತಾನಂತೆ. ಹಿಂದೊಮ್ಮೆ ಮಗು ಇದ್ದವರನ್ನು ಇಟ್ಟುಕೊಂಡು ದೂರು ಬಂದಿತ್ತು. ಇನ್ನೊಂದು ದೂರು ಬಂದರೆ ಕೋಣೆ ಬಾಡಿಗೆಗೆ ಕೊಡಲು ಕಟ್ಟಡದವರು ಬಿಡುವುದಿಲ್ಲ. ಆಕೆಯೂ ನನ್ನ ಹಾಗೆ ಗಂಡ ಸತ್ತವಳು, ಆ ಬಾಡಿಗೆಯೇ ಆಧಾರ.

ಇಷ್ಟು ಹೇಳಿ, ಅಡುಗೆಮನೆಯ ಪಕ್ಕದ ಬಾಗಿಲು ತೆಗೆದಳು. ಅದು ಆಕೆ ಮಲಗುವ ಕೋಣೆ. ಹಿತ್ತಲಿನ ಕಡೆ ಕಿಟಕಿ, ಹೊರಗೆ ಒಂದು ಸೇಬಿನ ಮರ, ಯಾರ ಗೋಡೆಯೂ ತಾಗುವುದಿಲ್ಲ. ಎಷ್ಟು ಅತ್ತರೂ ಡ್ರೈವರಿಗೆ ಕೇಳಿಸದು. ತನ್ನ ಹಾಸಿಗೆ ಬಟ್ಟೆ ಸುತ್ತಿಕೊಂಡು ಆಕೆ ಬಾಡಿಗೆಯ ಕೋಣೆಗೆ ಹೋದಳು. ನಾನು ಬೇಡ ಬೇಡ ಎಂದು ಹಿಂದೆ ಹೋದೆ. ನನ್ನ ಕೈಗೆ ಒಂದು ದಿಂಬಿನ ಚೀಲ ಕೊಟ್ಟು ದಿಂಬು ತುಂಬಿಸು ಎಂದು ಸನ್ನೆ ಮಾಡಿದಳು. ತುಂಬಿಸಿದೆ.

ಸುಭಾನ್ ರಾತ್ರಿ ಎದ್ದು ಅತ್ತ, ಡ್ರೈವರ್ ಬಂದು ಮಲಗಿದ ಮೇಲೂ ಅತ್ತ. ಯಾರೂ ಗೋಡೆ ಬಡಿಯಲಿಲ್ಲ. ಅವನನ್ನು ಮಲಗಿಸಿ ನಿಲೋಫರ್ ಹಾಯಾಗಿ ನಿದ್ದೆ ಮಾಡಿದಳು.

ಬೆಳಿಗ್ಗೆ ಹಾಲು ಕುಡಿಸಿ ಅವಳು ನಡೆದೇ ಹೋದಳು. ಮಗು ಮಲಗಿತು. ನಾನೂ ಗುನ್‌ವೊರ್‌ಳೂ ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಸುಲಿದೆವು. ಮಾತಿಲ್ಲದೆ ಮಾಡುವ ಕೆಲಸ ಅದೊಂದೇ ನಮಗೆ ತೋಚಿದ್ದು. ನಿಲೋಫರ್ ಇನ್ನೂ ಬರಲಿಲ್ಲವಲ್ಲ ಎಂದು ನಾನು ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದೆ. ಸಿಪ್ಪೆ ಹಾಕಿ ಬರಲು ಹೊರಗೆ ಹೋದ ಗುನ್‌ವೊರ್ ಹಿಂದಕ್ಕೆ ಬಂದು ನನ್ನ ಸೆರಗು ಹಿಡಿದು ಕರೆದಳು.

ನಿಲೋಫರ್ ಮೆಟ್ಟಿಲ ಮೇಲೆ, ಕಂಬಿಗೆ ತಲೆ ಆನಿಸಿ ಕೂತಿದ್ದಳು. ಪಕ್ಕದಲ್ಲಿ ಶೂ ಬಿಚ್ಚಿಟ್ಟಿದ್ದಳು.

"ಯಾಕೆ ಇಲ್ಲಿ ಕೂತಿದ್ದೀಯೇ?"

"ಬೆಲ್ ಒತ್ತಿದ್ರೆ ಡ್ರೈವರ್ ಏಳ್ತಾರೆ ಅಂತ. ಸುಭಾನ್ ಎದ್ನಾ?"

"ಇಲ್ಲ. ಹೇಗಾಯ್ತು?"

"ಗೊತ್ತಿದ್ದದ್ದು ಹೇಳ್ದೆ. ಒಂದು ಮಿಷಿನ್ ಬಗ್ಗೆ ಕೇಳಿದ್ರು, ಅದನ್ನ ನಾನು ಕಣ್ಣಲ್ಲೂ ನೋಡಿಲ್ಲ ಅಂದೆ."

"ಅಂದೇ ಇರ್ತೀಯ ಬಿಡು."

ಮಿಷಿನ್ ಕಲಿಸಿಕೊಡುತ್ತೇವೆ, ಬಾ ಎಂದು ಮುಂದಿನ ತಿಂಗಳು ಅವರು ಬರೆದರು. ಸ್ಟಾಕ್‌ಹೋಮಿನಲ್ಲಿ ಬಾಡಿಗೆ ಮನೆ ಸಿಗುವುದು ಸುಲಭವಲ್ಲ, ವರ್ಷಗಟ್ಟಲೆ ಸರದಿ. ಆರಿಫ್ ವಾಪಸು ಬಂದ ಮೇಲೆ ಮೂವರೂ ಸಾಮಾನು ಕಟ್ಟಿಕೊಂಡು ಹೋದರು. ಮನೆ ಸಿಗುವವರೆಗೆ, ಅಂದರೆ ಸುಭಾನ್ ಗೋಡೆ ಹಿಡಿದು ನಡೆಯುವವರೆಗೆ, ಅವರು ಇದ್ದದ್ದು ಆ ಹಿತ್ತಲ ಕಡೆಯ ಕೋಣೆಯಲ್ಲೇ.