ಅಕ್ಕೋರ ಹೆಸರಿನ ಬಾಟಲಿ

ನಿನ್ನೆ ಪಂಚವಟಿಯ ಲ್ಯಾಬಿನವರು ಒಂದು ಸಣ್ಣ ಪ್ಲಾಸ್ಟಿಕ್ ಬಾಟಲಿ ಕೊಟ್ಟು, ನಾಳೆ ಬೆಳಿಗ್ಗೆ ಎದ್ದ ಕೂಡಲೇ ಆಗುವ ಉಚ್ಚೆ ಇದರಲ್ಲಿ ತನ್ನಿ ಆಜಿ ಅಂದರು; ಈ ಮರಾಠಿ ಊರಲ್ಲಿ ಅಜ್ಜಿಗೆ ಹಾಗನ್ನುತ್ತಾರೆ. ನನ್ನ ಕಾಲು ಬಾತಿವೆ, ಡಾಕ್ಟರು ಬರೆದುಕೊಟ್ಟಿದ್ದರು. ಬಿಳಿ ಮುಚ್ಚಳ, ಮೈಮೇಲೆ ನನ್ನ ಹೆಸರಿನ ಚೀಟಿ. ಮನೆಗೆ ತಂದು ಕಿಟಕಿಯಲ್ಲಿಟ್ಟೆ. ಮಗಳು ಮೂಗು ಮುರಿದಳು. "ಖಾಲಿ ಐತಿ, ನಿನ್ನೇನೂ ಕಡಿಯಂಗಿಲ್ಲ" ಅಂದೆ. ಅಂದೆನೇ ಹೊರತು, ನನಗೂ ಅದನ್ನು ನೋಡಲಾಗಲಿಲ್ಲ. ಇಂಥದೇ ಬಾಟಲಿ ಹಿಂದೊಮ್ಮೆ ತುಂಬಿಸಿದ್ದೆ. ಅದರ ಮೇಲೆ ಅಕ್ಕೋರ ಹೆಸರಿತ್ತು.

ಆಗ ನಾವು ಸಂಭಾಜಿನಗರದಲ್ಲಿದ್ದೆವು. ಔರಂಗಾಬಾದ್ ಅನ್ನುತ್ತಿದ್ದ ಕಾಲ. ಬಿಲ್ಡಿಂಗ್ ಕೆಲಸ, ತಗಡಿನ ಶೆಡ್ಡು, ಎಲ್ಲ ಬಾಗಲಕೋಟೆ ಕಡೆಯ ಮಂದಿ. ನಾನು ಇಟ್ಟಂಗಿ ಹೊರುತ್ತಿದ್ದೆ. ಅಕ್ಕೋರು ಗದಗಿನ ಕಡೆಯವರು, ಮದುವೆ ಆಗಿರಲಿಲ್ಲ, ಯೇಸುವಿನ ಸೇವೆಗೆ ಅಂತಲೇ ಅವರ ಸಭೆಯಿಂದ ಬಂದವರು. ಭಾನುವಾರ ಶೆಡ್ಡಿನ ಮುಂದೆ ಚಾಪೆ ಹಾಸಿ ಪುಸ್ತಕ ಓದಿ ಹೇಳುತ್ತಿದ್ದರು. ನಾನು ದೇವರಿಗಾಗಿ ಹೋಗಲಿಲ್ಲ. ವಾರವೆಲ್ಲ ಕೆಲಸ ಮಾಡಿಸುವ ಮುಕಾದಮನ ಬೈಗುಳ ತಿಂದ ಕಿವಿಗೆ, ಯಾರೋ ಒಬ್ಬರು ಹೆಸರು ಹಿಡಿದು "ಬರ್ರಿ, ಕೂಡ್ರಿ" ಅನ್ನುತ್ತಿದ್ದರಲ್ಲ, ಅದಕ್ಕೆ ಹೋದೆ. ಅವರ ದೇವರನ್ನು ನಾನು ಯಾವತ್ತೂ ಒಪ್ಪಲಿಲ್ಲ. ಅವರಿಗೂ ಗೊತ್ತಿತ್ತು. ಆದರೂ ನನ್ನ ಮಗಳಿಗೆ ಟೈಫಾಯ್ಡ್ ಆದಾಗ ಸರ್ಕಾರಿ ದವಾಖಾನೆಯ ನೆಲದ ಮೇಲೆ ಆರು ದಿನ ಅವಳ ಪಕ್ಕ ಮಲಗಿದ್ದು ಅವರೇ.

ಅವರಿಗೊಂದೇ ಆಸೆ. ಆಫ್ರಿಕಾದಲ್ಲಿ ಮಲಾವಿ ಅಂತ ಒಂದು ದೇಶವಂತೆ, ಅಲ್ಲಿಗೆ ಹೋಗಿ ಹೆಂಗಸರಿಗೆ ಸುವಾರ್ತೆ ಸಾರಬೇಕು. ಹನ್ನೆರಡು ವರ್ಷ ಕಾದ ಮೇಲೆ ಕರೆ ಬಂತು. ಆದರೆ ಕಳಿಸುವವರು, ಮೈ ಗಟ್ಟಿ ಇದೆ ಅಂತ ಆಸ್ಪತ್ರೆಯ ಕಾಗದ ತನ್ನಿ ಅಂದರು. ಅಕ್ಕೋರ ಕಿಡ್ನಿ ಕೆಡುತ್ತಿತ್ತು. ರಕ್ತದಲ್ಲಿ ಇನ್ನೂ ಏನೂ ಇರಲಿಲ್ಲವಂತೆ, ಉಚ್ಚೆಯಲ್ಲಿ ಮಾತ್ರ ಕಾಣುತ್ತಿತ್ತು. ನೋಡಿದ ಡಾಕ್ಟರಿಗೆ, ಅವರಿಗೆ, ನನಗೆ ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ.

ನೀರಿನ ಟ್ಯಾಂಕಿನ ಹತ್ತಿರ ಕರೆದು, ಮುಖ ನೋಡದೆ ಕೇಳಿದರು. ಅವರ ಬಾಟಲಿಗೆ ನನ್ನ ಉಚ್ಚೆ ಬೇಕಂತೆ.

"ನಿಮ್ಮ ದೇವರು ಉಚ್ಚಿನೂ ಬೇಡ್ತಾನೇನ್ರಿ ಅಕ್ಕೋರ?" ಅಂದೆ.

ನಕ್ಕರು. ಆಮೇಲೆ ಅತ್ತರು. "ಈ ಸಲ ತಪ್ಪಿದ್ರ ಮತ್ತ ಕರಿಯಂಗಿಲ್ರಿ. ಸಾಯೂದು ಹೆಂಗೂ ಐತಿ, ಅಲ್ಲಿ ಹೋಗಿ ಸಾಯತೇನಿ."

"ನಿಮ್ಮ ಸಭೆದವ್ರನ್ನ ಕೇಳ್ರಲಾ."

"ಅವರು ಒಲ್ಲೆ ಅಂತಾರ."

ನಂಬಿದವರು ಸುಳ್ಳಿಗೆ ಬರುವುದಿಲ್ಲ, ಅದಕ್ಕೆ ನಂಬದವಳ ಹತ್ತಿರ ಬಂದಿದ್ದರು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸುಳ್ಳ್ಯಾಕೆ ಹೇಳಲಿ, ಒಳಗೊಳಗೆ ಹೆಮ್ಮೆ ಅನಿಸಿತು. ಮರುದಿನ ಆಸ್ಪತ್ರೆಯಲ್ಲಿ ಹೆಂಗಸರ ಪಾಯಖಾನೆಗೆ ಇಬ್ಬರೂ ಹೋದೆವು. ನಾನು ತುಂಬಿಸಿದೆ, ಅವರು ಹಿಡಿದುಕೊಂಡು ಹೊರಗೆ ಬಂದರು. ಬಾಟಲಿ ಇನ್ನೂ ಬೆಚ್ಚಗಿತ್ತು.

ಮುಂಬೈ ಗಾಡಿ ಹತ್ತುವಾಗ ನನ್ನ ಕೈ ಹಿಡಿದು, "ಯಾರು ಕೇಳಿದ್ರೂ ಹೇಳಬ್ಯಾಡ್ರಿ" ಅಂದರು. ಆಯಿತು ಅಂದೆ.

ಮೊದಲ ವರ್ಷ ಆಗೊಮ್ಮೆ ಈಗೊಮ್ಮೆ ಫೋನು ಬರುತ್ತಿತ್ತು. ಅಲ್ಲಿನವರು ಪ್ರಾರ್ಥನೆಗೂ ಕುಣಿಯುತ್ತಾರಂತೆ. ಜೋಳ ಸಿಗುವುದಿಲ್ಲ, ಮೆಕ್ಕೆಜೋಳದ ಹಿಟ್ಟಿನ ಮುದ್ದೆ ತಿನ್ನುತ್ತೇನೆ ಅಂತ ನಗುತ್ತಿದ್ದರು. ಎರಡನೇ ವರ್ಷ, "ಚಪ್ಪಲ್ಲು ಕಾಲಿಗೆ ಹಿಡಿಯವಲ್ಲವ್ರಿ" ಅಂದರು. ಡಾಕ್ಟರಿಗೆ ಖರೇ ಹೇಳ್ರಿ ಅಂದೆ. "ಹೇಳಿದ್ರ ವಾಪಸ್ ಕಳಸ್ತಾರ" ಅಂದರು. ಆಮೇಲೆ ಫೋನು ಇಲ್ಲ.

ಒಂದು ಮಧ್ಯಾಹ್ನ ಅವರ ಸಭೆಯ ಹಿರಿಯರೊಬ್ಬರು ಶೆಡ್ಡಿಗೆ ಬಂದರು. ಅಕ್ಕೋರು ಅಲ್ಲಿ ಆಸ್ಪತ್ರೆ ಸೇರಿದ್ದಾರೆ, ಬಾಯಿಂದ ಮಾತು ಹೊರಡುತ್ತಿಲ್ಲ. ಡಾಕ್ಟರು ಮಲೇರಿಯಾದ ಔಷಧ ಕೊಡುತ್ತಿದ್ದಾರೆ. ಕಿಡ್ನಿ ಚೆನ್ನಾಗಿದೆ ಅಂತ ಇಲ್ಲಿನ ಕಾಗದ ಹೇಳುತ್ತದಲ್ಲ, ಅದಕ್ಕೆ ಡಾಕ್ಟರು ಕಿಡ್ನಿ ಕಡೆ ನೋಡಿಯೇ ಇಲ್ಲ.

"ಮದಲ ಏನರ ಜಡ್ಡಿತ್ತೇನವಾ? ನಿಮ್ಮ ಕೂಡ ಭಾಳ ಸಲಿಗಿ ಇತ್ತು, ಗೊತ್ತಿರಬೇಕು" ಅಂದರು.

"ಏನೂ ಇದ್ದಿಲ್ರಿ" ಅಂದೆ.

ಮಾತು ಕೊಟ್ಟಿದ್ದೆ ಅನ್ನುವುದು ಅರ್ಧ ನಿಜ. ಪೊಲೀಸರು ಬಂದಾರು, ನನ್ನ ಹೆಸರು ಹೊರಗೆ ಬಂದೀತು ಅನ್ನುವ ಹೆದರಿಕೆ ಇನ್ನರ್ಧ. ಅವರು ಗಾಡಿಗೆ ಕಿಕ್ ಹೊಡೆಯುವಾಗ ಕರೆಯಬೇಕು ಅನಿಸಿತು. ಒಂದು ಸಲಕ್ಕೆ ಚಾಲೂ ಆಗಲಿಲ್ಲ, ಎರಡು ಸಲಕ್ಕೂ ಆಗಲಿಲ್ಲ. ಅಷ್ಟು ಹೊತ್ತು ಇತ್ತು ನನಗೆ. ಬುಟ್ಟಿ ತಲೆಗೇರಿಸಿಕೊಂಡು ಒಳಗೆ ಹೋದೆ.

ಹನ್ನೊಂದು ದಿನಕ್ಕೆ ಅಕ್ಕೋರು ತೀರಿಕೊಂಡರು. ಅಲ್ಲೇ ಮಣ್ಣು ಮಾಡಿದರು. ಇಲ್ಲಿಂದ ಯಾರೂ ಹೋಗಲಿಲ್ಲ. ಹೇಳಿದ್ದರೆ ಬದುಕುತ್ತಿದ್ದರಾ... ಯಾರನ್ನು ಕೇಳಲಿ? ಕೇಳಬೇಕಾದರೆ ಮೊದಲು ಹೇಳಬೇಕಲ್ಲ. ಆರು ದಿನ ಅವರು ಪಕ್ಕದಲ್ಲಿ ಮಲಗಿದ್ದರು ಅನ್ನುವುದು ನನ್ನ ಮಗಳಿಗೆ ನೆನಪೇ ಇಲ್ಲ.

ಇವತ್ತು ಬೆಳಿಗ್ಗೆ ಬಾಟಲಿ ಕೊಟ್ಟು ಬಂದೆ. ಲ್ಯಾಬಿನ ಹುಡುಗಿ ಚೀಟಿಯ ಮೇಲಿನ ಹೆಸರು ಓದಿ, ನನ್ನ ಮುಖ ನೋಡಿ, ಮರಾಠಿಯಲ್ಲಿ ಕೇಳಿದಳು, ಆಜಿ, ಈ ಟೆಸ್ಟ್ ಹಿಂದೆ ಯಾವಾಗಲಾದರೂ ಮಾಡಿಸಿದ್ದೀರಾ ಅಂತ.

ಮಾಡಿಸಿದ್ದೆ. ಎಲ್ಲ ಚೆನ್ನಾಗಿದೆ ಅಂತ ಬಂದಿತ್ತು.

"ನಾಹೀ" ಅಂದೆ.