ಮ್ಯಾಟಿನಿಯಲ್ಲಿ ಅಕ್ಕನನ್ನು ತೋರಿಸಿದ್ದು

ಇಂಟರ್ವಲ್ ಲೈಟ್ ಹತ್ತಿದ ಕೂಡಲೇ ಅಕ್ಕ ಮುಂದೆ ಕೂತ ಮದುವೆ ಗಂಡನ್ನು ತೋರಿಸಿ ನನ್ನ ಕಿವಿಯಲ್ಲಿ ಹೇಳಿದಳು: "ಮಾಪಿಳ್ಳೆಗೆ ಕಿವಿ ಸರಿಯಾಗಿ ಕೇಳಲ್ಲ ಕಣೆ."

ಎಂಬತ್ತರ ದಶಕ. ಗಾಂಧಿಪುರಂನ ಒಂದು ಥಿಯೇಟರ್. ಹೆಸರಾಂತ ಗಾಯಕರೊಬ್ಬರು ತಾವೇ ಹೀರೋ ಆಗಿದ್ದ ಹಾಡು-ಹಾಸ್ಯದ ಸಿನಿಮಾ.

ನಾವು ಹೋಗಿದ್ದು ಸಿನಿಮಾಕ್ಕಲ್ಲ. ಆಗ ತಮಿಳು ಸೀಮೆಯ ನಮ್ಮ ಕನ್ನಡ ಮನೆಗಳಲ್ಲಿ ಹೆಣ್ಣನ್ನು ಥಿಯೇಟರಿನಲ್ಲಿ ತೋರಿಸುವುದಿತ್ತು. ಮನೆಗೆ ಬಂದು ನೋಡಿ ಬೇಡವೆಂದರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಥಿಯೇಟರಿನಲ್ಲಾದರೆ ಎರಡು ಕುಟುಂಬದವರು ಅಕಸ್ಮಾತ್ತಾಗಿ ಹಿಂದೆಮುಂದೆ ಕೂತಂತೆ, ಅಷ್ಟೇ.

ಅಕ್ಕನನ್ನು ಅದಾಗಲೇ ಮೂರು ಮನೆಯವರು ನೋಡಿ ಹೋಗಿ ಸುಮ್ಮನಾಗಿದ್ದರು. ಅವಳ ಜೋರು ನಗುವೇ ಕಾರಣ ಎಂದು ಅಮ್ಮನ ತೀರ್ಮಾನ.

"ಎಷ್ಟೇ ತಮಾಷೆ ಇರ್ಲಿ, ಬಾಯಿ ಬಿಡಬ್ಯಾಡ, ನನ್ ಕಣ್ಣು," ಎಂದು ಬಸ್ಸಿನಲ್ಲೇ ಎಚ್ಚರಿಸಿದ್ದರು. ಅಂಥ ಸಿನಿಮಾಕ್ಕೆ ಕರೆದುಕೊಂಡು ಹೋಗಿ...

ಹುಡುಗ ಪೆರಿಯನಾಯಕನಪಾಳ್ಯಂ ಕಡೆಯ ಮಿಲ್ಲಿನಲ್ಲಿ ಮಗ್ಗ ನೋಡಿಕೊಳ್ಳುವವರು. ತಾಯಿ, ತಂಗಿಯ ಜೊತೆ ನಮ್ಮ ಮುಂದಿನ ಸಾಲಿನಲ್ಲಿ, ಸ್ವಲ್ಪ ಓರೆಗೆ ಕೂತಿದ್ದರು.

ಹೀರೋ ನಮ್ಮ ಕಡೆ ಮುಖ ಮಾಡಿ ಮಾತಾಡಿದರೆ ಅವರು ಎಲ್ಲರ ಜೊತೆ ನಗುತ್ತಿದ್ದರಂತೆ. ಬೆನ್ನು ತಿರುಗಿಸಿ ಮಾತಾಡಿದರೆ ಪಕ್ಕದಲ್ಲಿದ್ದ ತಂಗಿಯ ಮುಖ ನೋಡಿ, ಆಮೇಲೆ ನಗು. ಸೆರಗು ಕಚ್ಚಿಕೊಂಡು ಕೂತ ಅಕ್ಕ ಗಮನಿಸಿದ್ದು ಇಷ್ಟು.

ಅಮ್ಮನಿಗೆ ಹೇಳೋಣವೆಂದು ನಾನು ಎದ್ದೆ. ಅಕ್ಕ ಕೈ ಹಿಡಿದು ಕೂರಿಸಿದಳು. "ಇರು. ಮುಗೀಲಿ."

ಇಂಟರ್ವಲ್ ಆದಮೇಲೆ ಹೀರೋ ಅಡುಗೆಯವನ ವೇಷದಲ್ಲಿ ಹೀರೋಯಿನ್ ಮನೆ ಸೇರಿಕೊಂಡು, ಒಗ್ಗರಣೆ ಸಿಡಿಯುತ್ತಿದ್ದಂತೆ ಹೆದರಿ ಆಲಾಪನೆ ಶುರುಮಾಡುತ್ತಾನೆ. ಅಕ್ಕನ ಬಾಯಿಂದ ಸೆರಗು ಜಾರುತ್ತದೆ...

ಮೂರು ಸಾಲು ತಿರುಗಿ ನೋಡಿತು. ಹುಡುಗ ಒಬ್ಬರೇ ತಿರುಗಲಿಲ್ಲ.

ಹೊರಗೆ ಬಂದಾಗ ಅವರ ತಾಯಿ, "ನಿಮ್ಮ ಹುಡ್ಗಿ ನಗು ಮೆಟ್ಟುಪಾಳ್ಯಂ ತನಕ ಕೇಳಿರ್ತದೆ, ಅಲ್ವಾಂಗ?" ಎಂದರು. ಅಮ್ಮನ ಮುಖ ಬಾಡಿತು.

"ಏನಂತಮ್ಮಾ?" ಎಂದು ಹುಡುಗ ಬಗ್ಗಿ ಕೇಳಿದರು. ತಾಯಿ ಅವರ ತೋಳು ಚಿವುಟಿ ಸುಮ್ಮನಾಗಿಸಿದರು.

ಅಕ್ಕ ಹೋಗಿ ಹುಡುಗನ ಎದುರಿಗೇ ನಿಂತಳು. ತುಟಿ ಕಾಣುವ ಹಾಗೆ, ನಿಧಾನವಾಗಿ: "ನಾನು ಜೋರಾಗಿ ನಕ್ಕೆ. ಅದನ್ನ ಹೇಳ್ತಾವ್ರೆ."

ತಾಯಿ ನೆಲ ನೋಡಿದರು. ಹುಡುಗನ ಮುಖ ಮಾತ್ರ ಹಗುರಾದಂತೆ ಕಂಡಿತು.

"ಎಂಟು ವರ್ಷ ಮಗ್ಗದ ಸದ್ದಲ್ಲಿ ನಿಂತು ಹಿಂಗಾಯ್ತುಂಗ. ಈ ಹಾಡುಗಾರರ ಪಡಂ ಅಂದ್ರೆ ಮಾತ್ರ ಥಿಯೇಟರಿಗೆ ಬರ್ತೀನಿ. ಬಾಯಿ ಚೆನ್ನಾಗಿ ತೆರೆದು ಹಾಡ್ತಾರೆ. ನೀವು ನಕ್ಕಿದ್ದು ನೋಡ್ಲಿಲ್ಲ."

"ತಿರುಗಿದ್ರೆ ತಾನೇ ನೋಡೋದು!" ಎಂದು ಅಕ್ಕ ಮತ್ತೆ ನಕ್ಕಳು, ಸೆರಗಿಲ್ಲದೆ.

ವಾಪಸ್ ಬಸ್ಸಿನಲ್ಲಿ ಅಮ್ಮ ಕುದಿಯುತ್ತಿದ್ದರು. "ಕಿವಿ ವಿಷ್ಯ ಮುಚ್ಚಿಟ್ಟು ಹೆಣ್ಣು ಕೇಳಕ್ಕೆ ಬಂದವ್ರೆ. ಬ್ಯಾಡ ಅಂತ ಹೇಳಿ ಕಳಿಸ್ತೀನಿ."

"ನೀನು ನನ್ನ ಬಾಯಿ ಮುಚ್ಚಿಸಿ ಕರ್ಕೊಂಡು ಬರ್ಲಿಲ್ವಾಮ್ಮ?"

ನಾಲ್ಕೈದು ಸ್ಟಾಪ್ ದಾಟಿದ ಮೇಲೆ ಅಮ್ಮ ಮೆಲ್ಲಗೆ ಕೇಳಿದರು: "ಅವ್ರ ಹತ್ರ ನಾನು ಎಷ್ಟು ಜೋರಾಗಿ ಮಾತಾಡ್ಬೇಕಾಯ್ತದೆ?"

ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಅವರಿಬ್ಬರ ಮದುವೆಯಾಯಿತು.

ಹೀಗೆ ಕತ್ತಲಲ್ಲಿ ಕೂತು ನೋಡಿ ಒಪ್ಪಿದ ಮದುವೆಗಳು ನಿಮ್ಮ ಮನೆಗಳಲ್ಲೂ ಇವೆಯಾ?